ಬಿಲ್ಲೆ ಕಟ್ಟಿದ ಮರಗಳು

ಪೈಪಕ್ಕನಿಗೆ ಹತ್ತು ತಿಂಗಳ ಕೂಲಿ ಬರಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರ, ನೆರಳು, ಹಕ್ಕಿ ಎಂದು ಮಾತು ಶುರುವಾದರೆ ಕೂಲಿಯ ಮಾತು ಯಾವಾಗಲೂ ಕಡೆಗೆ ಸರಿಯುತ್ತದೆ. ಅದು ಬರುವಷ್ಟರಲ್ಲಿ ಕೇಳುವವರು ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಾರೆ.

ಆ ಹೆಸರಿಟ್ಟವನು ಟ್ಯಾಂಕರ್ ಡ್ರೈವರ್. ನೀರಿನ ಟ್ಯಾಂಕರ್ ಹಿಂದೆ, ತೋಳು ದಪ್ಪದ ರಬ್ಬರ್ ಪೈಪನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯುದ್ದಕ್ಕೂ ನಡೆಯುವ ಹೆಂಗಸನ್ನು ಇನ್ನೇನಂತ ಕರೆಯಬೇಕು ಎನ್ನುವುದು ಅವನ ವಾದ. ಅದಕ್ಕೂ ಮುಂಚೆ ಹದಿನೆಂಟು ವರ್ಷ ಅವಳು ಇಟ್ಟಿಗೆ ಹೊತ್ತವಳು. ಗಂಡನೂ ಅದೇ ಕೆಲಸದಲ್ಲಿದ್ದ. ನಾಲ್ಕನೇ ಅಂತಸ್ತಿನ ಸಾರುವೆಯಿಂದ ಕಾಲು ಜಾರಿ ಬಿದ್ದು ಸತ್ತ. ಆ ಕಟ್ಟಡದ ಗಾಜು ಈಗಲೂ ಮಧ್ಯಾಹ್ನದ ಬಿಸಿಲನ್ನು ಎದುರಿನ ರಸ್ತೆಗೆ ಉಗುಳುತ್ತದೆ. ಅರ್ಧ ಆಯಸ್ಸು ಊರನ್ನು ಕಾಯಿಸಿದ್ದೀಯ, ಇನ್ನರ್ಧ ತಣ್ಣಗೆ ಮಾಡು ಎಂದು ಡ್ರೈವರ್ ರೇಗಿಸುತ್ತಿದ್ದ. ಅವಳು ನಗುತ್ತಿದ್ದಳು. ನಗುವುದಕ್ಕೇನು ಟ್ಯಾಂಕರ್ ಬಾಡಿಗೆ ಕೊಡಬೇಕೆ?

ಮೂರು ಬೇಸಿಗೆಯ ಹಿಂದೆ ಊರು ಕಾದ ಹೆಂಚಾಗಿತ್ತು. ಬಸ್ಸಿಗೆ ಕಾಯುತ್ತಿದ್ದ ಜನ ನಿಂತಲ್ಲೇ ಕುಸಿದರು, ಆಸ್ಪತ್ರೆಯ ಶವಾಗಾರದಲ್ಲಿ ಜಾಗ ಸಾಲದೆ ಹೋಯಿತು. ಆಮೇಲೆ ನಗರಸಭೆಗೆ ಎಚ್ಚರವಾಯಿತು. ಮರ ಬೇಕು ಎಂದರು. ಮರಕ್ಕೆ ದುಡ್ಡಿಲ್ಲ ಎಂದೂ ಅವರೇ ಅಂದರು. ಆಗ ಒಂದು ಹಣಕಾಸು ಸಂಸ್ಥೆ ಮುಂದೆ ಬಂದು, ಹಸಿರು ಸಾಲಪತ್ರ ಎಂದು ಅಚ್ಚು ಹಾಕಿಸಿ ಉಳ್ಳವರಿಗೆ ಮಾರಿತು: ನಿಮ್ಮ ಹಣದಿಂದ ಊರು ತಂಪಾಗುತ್ತದೆ, ಹಕ್ಕಿ ಚಿಟ್ಟೆಗಳು ವಾಪಸ್ಸು ಬರುತ್ತವೆ, ನಿಮಗೆ ಬಡ್ಡಿಯೂ ಬರುತ್ತದೆ. ಆರು ರಸ್ತೆ, ರಸ್ತೆಗೆ ನಾನೂರು ಸಸಿ. ಗುತ್ತಿಗೆದಾರನಿಗೆ ಅರ್ಧ ಹಣ ನೆಟ್ಟ ದಿನ; ಉಳಿದ ಅರ್ಧ, ಎರಡು ಬೇಸಿಗೆ ಕಳೆದ ಮೇಲೆ ಹತ್ತರಲ್ಲಿ ಒಂಬತ್ತು ಸಸಿ ಬದುಕಿದ್ದರೆ. ಮೊದಲ ಅರ್ಧ ಗುಂಡಿ, ಗೊಬ್ಬರ, ಸಸಿ, ಶಾಮಿಯಾನ, ಫೋಟೋಗಳಲ್ಲಿ ಕರಗಿತು. ನೀರು ಹಾಕುವವರ ಕೂಲಿ ಎರಡನೆಯ ಅರ್ಧದಲ್ಲಿತ್ತು. ಗುತ್ತಿಗೆದಾರ ಮೊದಲ ವರ್ಷ ಅಷ್ಟೋ ಇಷ್ಟೋ ಕೈಗೆ ಹಾಕಿದ. ಆಮೇಲೆ, ಹಣ ಬಂದಾಗ ಒಟ್ಟಿಗೇ ಎಂದು ಮೇಸ್ತ್ರಿಯ ಬಾಯಲ್ಲಿ ಹೇಳಿಸಿದ. ಅಂದರೆ ಊರಿನ ನೆರಳಿಗೆ ಕೈಗಡ ಕೊಟ್ಟವರು ಯಾರು? ಆರು ರಸ್ತೆಯಲ್ಲಿ ಪೈಪು ಹಿಡಿದ ಆರು ಜನ. ಅವರ ಹತ್ತಿರ ಬಡ್ಡಿಯ ಮಾತನ್ನು ಯಾರೂ ಎತ್ತಲಿಲ್ಲ.

ಪೈಪಕ್ಕನ ಪಾಲಿಗೆ ಬಂದದ್ದು ಪೀಠೋಪಕರಣಗಳ ಅಂಗಡಿಸಾಲಿನ ಉದ್ದ ರಸ್ತೆ. ದಿನಕ್ಕೆ ಅರ್ಧ ರಸ್ತೆ. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ಟ್ಯಾಂಕರ್ ಖಾಲಿ. ಪೈಪನ್ನು ಬುಡಕ್ಕೆ ಗುರಿಯಿಟ್ಟು ಮುಂದಿನ ಗಿಡಕ್ಕೆ ಓಡುವವರಿದ್ದಾರೆ. ಆ ನೀರು ಮೇಲೆ ಮೇಲೆ ಹರಿದು ಚರಂಡಿ ಸೇರುತ್ತದೆ, ಗಿಡಕ್ಕೆ ಮುಖ ತೊಳೆದಷ್ಟೇ ಲಾಭ. ಇವಳು ಕಾಂಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಬಳಸಿ ಹಾಕುತ್ತಿದ್ದಳು. ನಲವತ್ತು ಎಣಿಸುವವರೆಗೆ ಒಂದು ಸಲ, ಮಣ್ಣು ಕುಡಿಯಲು ಬಿಟ್ಟು, ಮತ್ತೆ ಇಪ್ಪತ್ತು. ಬಾಯಿಗೇ ತಂದು ಉಣಿಸಿದರೆ ಬೇರು ಸೋಮಾರಿಯಾಗುತ್ತದೆ, ಹುಡುಕಿಕೊಂಡು ಹೊರಗೆ ಬರಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸತ್ತ ಸಸಿಗಳ ಬುಡ ಕೆದಕಿ ಬೇರು ನೋಡಿ ಕಲಿತದ್ದು.

"ಗಿಡಕ್ಕೆ ತುತ್ತು ತಿನ್ನಿಸ್ತಿದ್ದೀಯೇನಕ್ಕ? ನಂಗೆ ಮನೇಲಿ ಹೆಂಡ್ತಿನೂ ಇಷ್ಟು ಹೊತ್ತು ಬಡಿಸಲ್ಲ," ಎಂದು ಡ್ರೈವರ್ ಹಾರ್ನ್ ಒತ್ತುತ್ತಿದ್ದ.

"ನೀನು ಎರಡೇ ಬೇಸಿಗೇಲಿ ಹೊಟ್ಟೆ ಬೆಳೆಸಿದ್ದೀಯ ತಮ್ಮಾ. ಇದು ಎಲೆ ಬೆಳೆಸ್ಬೇಕು," ಎನ್ನುತ್ತಿದ್ದಳು.

ಅವಳಿದ್ದ ಮನೆ ಎಂದರೆ ಮೂರನೇ ಮಹಡಿಯ ಮೇಲಿನ ತಗಡಿನ ಕೋಣೆ. ಜೊತೆಗೆ ತಂಗಿ. ತಂಗಿ ಹೊಲಿಗೆ ಕಾರ್ಖಾನೆಯಿಂದ ಅಂಗಿಗಳ ಕಟ್ಟು ತಂದು ಮನೆಯಲ್ಲೇ ಗುಂಡಿ ಹಚ್ಚುವವಳು. ಮಧ್ಯಾಹ್ನ ತಗಡು ಟಕಟಕ ಎನ್ನುತ್ತಿತ್ತು. ಸೂಜಿ ಬೆವರಿಗೆ ಜಾರುತ್ತದೆಂದು ತಂಗಿ ಬೆರಳಿಗೆ ಪೌಡರ್ ಹಚ್ಚಿಕೊಂಡು ಕೂರುತ್ತಿದ್ದಳು. ಕೂಲಿ ನಿಂತ ಮೇಲೆ ಅಕ್ಕ ಮಧ್ಯಾಹ್ನದ ಹೊತ್ತು ಒಂದು ಕ್ಯಾಂಟೀನಿನ ಹಿಂಬದಿಯಲ್ಲಿ ತಟ್ಟೆ ತೊಳೆಯಲು ಹೋದಳು. ಬೆಳಿಗ್ಗೆ ಗಿಡಕ್ಕೆ ನೀರು, ಮಧ್ಯಾಹ್ನ ತಟ್ಟೆಗೆ ನೀರು, ಕೈಯ ಚರ್ಮ ನೆನೆದ ಕಾಗದದಂತಾಯಿತು, ನಿಂತು ನಿಂತು ಮಂಡಿ ಹಿಡಿದುಕೊಂಡಿತು. ದುಡ್ಡು ಕೊಡದವರ ಗಿಡಕ್ಕೆ ಯಾಕೆ ಸಾಯುತ್ತೀಯ, ಬಿಟ್ಟು ಬಾ ಎಂದು ತಂಗಿ ದಿನಾ ಕುಟುಕುತ್ತಿದ್ದಳು. ಬಿಟ್ಟರೆ ಹಿಂದಿನದೂ ಹೋಯಿತು ಎಂಬುದು ಇಬ್ಬರಿಗೂ ಗೊತ್ತಿತ್ತು. ಬಾಕಿ ಇಟ್ಟುಕೊಂಡವನ ಹಿಡಿತ ಇರುವುದೇ ಅಲ್ಲಿ. ಅವನು ಏನೂ ಕೊಡದೆ ನಿಮ್ಮನ್ನು ಕಟ್ಟಿಹಾಕಿರುತ್ತಾನೆ.

ಇನ್ನು ಬಿಲ್ಲೆಯ ಕಥೆ. ಪ್ರತಿ ಸಸಿಗೂ ಅಂಗೈಯಗಲದ ತಗಡಿನ ಬಿಲ್ಲೆ, ಅದರ ಮೇಲೆ ನಂಬರು. ಆ ನಂಬರು ಏತಕ್ಕೆ ಎಂದು ನೀರು ಹಾಕುವವರಿಗೆ ಯಾರೂ ವಿವರಿಸಲಿಲ್ಲ. ಅವರು ತಾವೇ ನೋಡಿ ಅರ್ಥ ಮಾಡಿಕೊಂಡರು. ವರ್ಷಕ್ಕೆ ಎರಡು ಸಲ ಕರೆಂಟ್ ತಂತಿಯವರು ಏಣಿ, ಗರಗಸ ತಂದು ತಂತಿಯ ಕೆಳಗೆ ಎದ್ದದ್ದನ್ನೆಲ್ಲ ಮೋಟಾಗಿ ಕಡಿಯುತ್ತಾರೆ. ಚರಂಡಿಯವರು ಹಾರೆ ತಂದು ಕಲ್ಲುಸಂದಿಯಲ್ಲಿ ಹುಟ್ಟಿದ್ದನ್ನೆಲ್ಲ ಬುಡಸಮೇತ ಕೀಳುತ್ತಾರೆ. ಬಿಲ್ಲೆ ಇದ್ದುದನ್ನು ಮಾತ್ರ ಮುಟ್ಟುವುದಿಲ್ಲ, ಮುಟ್ಟಿದರೆ ದಂಡ. ಆದ್ದರಿಂದ ಪೈಪಕ್ಕನ ಲೆಕ್ಕದಲ್ಲಿ ಬಿಲ್ಲೆ ಎಂದರೆ ಇದನ್ನು ಕಡಿಯಬೇಡಿ ಎಂಬ ಮಾತು, ಅಷ್ಟೇ.

ಮೊದಲ ಬೇಸಿಗೆಯಲ್ಲೇ ಅಂಗಡಿಗಳ ಮುಂದಿನ ಸಸಿಗಳು ಒಂದೊಂದಾಗಿ ಸತ್ತವು. ದೂರದ ಸಸ್ಯಕ್ಷೇತ್ರದಿಂದ ತಂದ, ಹಳದಿ ಹೂ ಬಿಡುವ ಜಾತಿ. ಫೋಟೋದಲ್ಲಿ ಚೆಂದ, ಬಿಸಿಲಿಗೆ ಹೆದರುಪುಕ್ಕಲು. ಅದರ ಮೇಲೆ ಅಂಗಡಿಯವರು ಬಣ್ಣ, ಸ್ಪಿರಿಟ್, ಸೋಪಿನ ನೀರನ್ನೆಲ್ಲ ಗುಂಡಿಗೇ ಸುರಿಯುತ್ತಿದ್ದರು. ಹೇಳಲು ಹೋದರೆ, ಬೋರ್ಡು ಮುಚ್ಚುವ ಮರ ನಿಮ್ಮಪ್ಪನ ಮನೆ ಮುಂದೆ ನೆಡಿ ಎನ್ನುತ್ತಿದ್ದರು. ಹಾಗೆ ಸತ್ತ ಒಂದು ಸಸಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಚರಂಡಿ ಗೋಡೆಯ ಬಿರುಕಿನಲ್ಲಿ, ಒಂದು ಅತ್ತಿ ಇತ್ತು. ಹಕ್ಕಿ ಹಿಕ್ಕೆ ಹಾಕಿ ಹುಟ್ಟಿದ್ದು. ಎಷ್ಟು ವರ್ಷದಿಂದ ಕಡಿಸಿಕೊಂಡು ಚಿಗುರುತ್ತಿತ್ತೋ, ಬುಡ ಮಾತ್ರ ತೊಡೆಯಷ್ಟು ದಪ್ಪ, ಎತ್ತರ ಸೊಂಟದಷ್ಟು. ತಂತಿಯವರು ಮರುದಿನ ಬರುವವರಿದ್ದರು. ಪೈಪಕ್ಕ ಸತ್ತ ಸಸಿಯ ಬಿಲ್ಲೆ ಬಿಚ್ಚಿ ಅತ್ತಿಗೆ ಕಟ್ಟಿದಳು.

ಅಲ್ಲಿಂದ ಅದು ರೂಢಿಯಾಯಿತು. ಸತ್ತದ್ದಕ್ಕೆ ಬಿಲ್ಲೆ ಯಾಕೆ, ಬದುಕಿದ್ದಕ್ಕೆ ಇರಲಿ. ಎರಡು ಬೇಸಿಗೆಯಲ್ಲಿ ನಲವತ್ತೇಳು ಬಿಲ್ಲೆ ಹಾಗೆ ಜಾಗ ಬದಲಿಸಿದವು: ಅತ್ತಿ, ಬೇವು, ಹೆಸರೇ ಗೊತ್ತಿಲ್ಲದ ಎರಡು ಮೂರು ಜಾತಿ. ಕದ್ದುಮುಚ್ಚಿ ಮಾಡಿದ್ದಲ್ಲ. ಮೇಸ್ತ್ರಿ ಒಂದು ದಿನ ನೋಡಿ, ಪರವಾಗಿಲ್ಲ, ತಲೆ ಇದೆ ನಿನಗೆ ಎಂದು ಹೊಗಳಿದ. ಮುಂದಿನ ವಾರ ತಾನೇ ಒಂದು ಸುರುಳಿ ತಂತಿ ತಂದುಕೊಟ್ಟ. ಕಡಿಯುವವರು ಇಲ್ಲದ್ದೇ ತಡ, ಆ ಮರಗಳು ವರ್ಷಗಳ ಸಿಟ್ಟು ತೀರಿಸಿಕೊಳ್ಳುವಂತೆ ಎದ್ದವು. ಅವಕ್ಕೆ ಅವಳ ನೀರೂ ಬೇಕಿರಲಿಲ್ಲ. ಬೇರು ಆಗಲೇ ಎಲ್ಲೆಲ್ಲೋ ಹೋಗಿ ದಾರಿ ಹುಡುಕಿಕೊಂಡಿತ್ತು. ಎರಡನೆಯ ಬೇಸಿಗೆಗೆ ಆ ಮೊದಲ ಅತ್ತಿಯ ಕೆಳಗೆ ಗಾಡಿ ತಳ್ಳುವವರು ಸಾಲಾಗಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

ಎರಡನೆಯ ಬೇಸಿಗೆ ಮುಗಿದಾಗ ಸಂಸ್ಥೆಯಿಂದ ತಪಾಸಣೆಯ ಮೇಡಂ ಬಂದರು. ಮೂವತ್ತರ ಒಳಗಿನವರು, ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ನೆಟ್ಟ ದಿನವೇ ಪ್ರತಿ ನಂಬರಿನ ಜಾಗ, ಜಾತಿ, ಫೋಟೋ ಎಲ್ಲ ಆ ಫೋನಿನಲ್ಲಿ ದಾಖಲಾಗಿತ್ತಂತೆ. ಐದು ರಸ್ತೆ ದಾಟುವವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಬದುಕಿದ್ದ ಸಸಿಗಳು ಲೆಕ್ಕಕ್ಕೆ ಸಾಕಾಗಿ ಮಿಕ್ಕಿದವು. ಆರನೆಯದರಲ್ಲಿ ಫೋನು ಎಡವಿತು. ಹಳದಿ ಹೂವಿನ ಗಿಡ ಎಂದು ಬರೆದ ನಂಬರು ಇಪ್ಪತ್ತು ಹೆಜ್ಜೆ ನಡೆದುಹೋಗಿ ಅತ್ತಿಮರವಾಗಿ ನಿಂತಿತ್ತು.

ಮಾರನೇ ದಿನ ಪೈಪಕ್ಕನನ್ನು ವಾರ್ಡ್ ಕಚೇರಿಗೆ ಕರೆಸಿದರು. ಗೋಡೆಗೆ ಆತು ಕಡತಗಳ ಕಟ್ಟು, ಒಂದು ಕಾಲಿಗೆ ರಟ್ಟು ಒತ್ತಿಟ್ಟ ಮೇಜು, ಮೇಲೆ ಕುಂಟುತ್ತ ತಿರುಗುವ ಫ್ಯಾನು. ಮೇಡಂ ಕುಳಿತಿದ್ದರು, ಮೇಸ್ತ್ರಿ ನಿಂತಿದ್ದ. ಸತ್ತದ್ದನ್ನು ಮುಚ್ಚಿಡಲು ಯಾರು ಹೇಳಿಕೊಟ್ಟರು ಎಂದು ಮೇಡಂ ಕೇಳಿದರು. ಮುಚ್ಚಿಡುವುದಾಗಿದ್ದರೆ ಸತ್ತ ಗಿಡ ಕಿತ್ತು ಬಿಸಾಕುತ್ತಿದ್ದೆ, ಅವು ಇನ್ನೂ ಅಲ್ಲೇ ಕಡ್ಡಿಯಾಗಿ ನಿಂತಿವೆ, ಹೋಗಿ ನೋಡಿ ಎಂದು ಪೈಪಕ್ಕ ಹೇಳಿದಳು. ಮೇಸ್ತ್ರಿಯ ಕಡೆ ತಿರುಗಿದಳು. ಅವನು ಫ್ಯಾನಿನಲ್ಲಿ ಏನೋ ರಿಪೇರಿ ಇದೆಯೆನ್ನುವಂತೆ ಮೇಲೆ ನೋಡುತ್ತಿದ್ದ.

"ತಂತಿ ತಂದುಕೊಟ್ಟೋರು ನೀವೇ ಅಲ್ವಾ ಮೇಸ್ತ್ರಿ?"

"ನಾನು ದಿನಕ್ಕೆ ನೂರು ಸುರುಳಿ ತಂತಿ ಕೊಡ್ತೀನಿ. ಯಾರು ಏನಕ್ಕೆ ಕಟ್ಕೊಂಡ್ರು ಅಂತ ನನಗೇನು ಗೊತ್ತು?"

ಮೇಡಂ ಕೆಟ್ಟವರಲ್ಲ. ಪೈಪಕ್ಕ ಕರೆದಾಗ ನಡು ಮಧ್ಯಾಹ್ನವೇ ರಸ್ತೆಗೆ ಬಂದರು. ಚೀಲದಿಂದ ಶಾಖ ಅಳೆಯುವ ಯಂತ್ರ ತೆಗೆದು ಡಾಂಬರಿನ ಮೇಲೆ ಹಿಡಿದರು: ಐವತ್ತೊಂದು. ಅತ್ತಿಯ ಕೆಳಗಿನ ನೆಲಕ್ಕೆ ಹಿಡಿದರು: ಮೂವತ್ತಾರು. ಮತ್ತೊಮ್ಮೆ ಹಿಡಿದು ನೋಡಿದರು. ಕೆಳಗಿನ ಕೊಂಬೆಯ ತುದಿಗೆ ಸೂರಕ್ಕಿಯ ಗೂಡು ಹಳೇ ಕಾಲ್ಚೀಲದಂತೆ ಜೋತಾಡುತ್ತಿತ್ತು. ಅದರ ಫೋಟೋ ತೆಗೆದರು. ಆಮೇಲೆ ಚರಂಡಿಯ ಹಾಸುಗಲ್ಲಿನ ಮೇಲೆ ಕೂತು, ನೀರಿನ ಬಾಟಲಿ ಖಾಲಿ ಮಾಡಿದರು.

"ಅಮ್ಮಾ, ಇದು ಚೆನ್ನಾಗಿದೆ. ನಾವು ನೆಟ್ಟಿದ್ದಕ್ಕಿಂತ ಚೆನ್ನಾಗಿದೆ," ಎಂದರು. "ಆದ್ರೆ ತಾನಾಗೇ ಹುಟ್ಟಿದ ಮರಕ್ಕೆ ನಮ್ಮ ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲ."

"ಒಂದು ಗೆರೆ ಎಳೆದುಕೊಂಡ್ರೆ ಕಾಲಮ್ಮು ಆಗಲ್ವಾ?"

"ಗೆರೆ ಎಳೆಯೋರು ನಾನಲ್ಲಮ್ಮ."

ಅಲ್ಲಿಗೆ ಮುಗಿಯಿತು. ನೆಟ್ಟ ಸಸಿಗೆ ಎಂದು ಎತ್ತಿದ ಹಣ ಹುಟ್ಟಿದ ಮರಕ್ಕೆ ಹೋಗುವಂತಿಲ್ಲ. ಊರು ತಂಪಾಗಲಿ, ಹಕ್ಕಿ ಬರಲಿ ಎಂದು ಸಾಲಪತ್ರದ ಮೇಲೆ ಅಚ್ಚು ಹಾಕಿದವರಿಗೆ, ತಂಪೂ ಹಕ್ಕಿಯೂ ಎದುರಿಗೇ ಬಂದು ಕೂತಾಗ ಗುರುತು ಸಿಗಲಿಲ್ಲ.

ಎರಡು ದಿನ ಬಿಟ್ಟು ಮೇಸ್ತ್ರಿ ತಗಡಿನ ಕೋಣೆಯವರೆಗೆ ಮೆಟ್ಟಿಲು ಹತ್ತಿ ಬಂದ. ಕೈಯಲ್ಲೊಂದು ಟೈಪಾದ ಹಾಳೆ. ವಿಷಯ ಹೀಗೆ: ಮೋಸದ ಅನುಮಾನ ಇರುವವರೆಗೆ ಆರೂ ರಸ್ತೆಯ ಹಣ ತಡೆಹಿಡಿಯುತ್ತಾರೆ, ವಿಚಾರಣೆ ಒಂದು ವರ್ಷವೋ ಎರಡೋ. ಹಾಗಲ್ಲದೆ ತಪ್ಪು ಒಬ್ಬಳದೇ ಎಂದು ಅವಳು ಬರೆದುಕೊಟ್ಟರೆ, ಅವಳ ರಸ್ತೆಯನ್ನು ಮಾತ್ರ ಪಟ್ಟಿಯಿಂದ ತೆಗೆದು ಉಳಿದ ಐದರ ಹಣ ಬಿಡುಗಡೆ ಮಾಡುತ್ತಾರೆ. ಐದು ಜನಕ್ಕೆ ಕೂಲಿ. ಅವಳಿಗೆ ಕೂಲಿಯಿಲ್ಲ, ಕೆಲಸವೂ ಇಲ್ಲ.

ಪೈಪಕ್ಕ ನಾಲ್ಕನೇ ತರಗತಿಯವರೆಗೆ ಓದಿದವಳು. ಬೆರಳಿಟ್ಟು ಓದಿದಳು. "ಮೋಸದ ಉದ್ದೇಶದಿಂದ, ಯಾರ ಗಮನಕ್ಕೂ ತಾರದೆ" ಎಂಬಲ್ಲಿ ಬೆರಳು ನಿಂತಿತು. ಅದೊಂದು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಹಾಕುತ್ತೇನೆ ಎಂದಳು. ಅದಿಲ್ಲದಿದ್ದರೆ ಈ ಕಾಗದಕ್ಕೆ ಬೆಲೆಯೇ ಇಲ್ಲ ಎಂದ ಮೇಸ್ತ್ರಿ. ತಂಗಿ ಸೂಜಿ ಕೆಳಗಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಮೇಸ್ತ್ರಿ ಹಾಳೆಯನ್ನು ಅಂಗಿಗಳ ಕಟ್ಟಿನ ಮೇಲೆ ಬಿಟ್ಟು ಮೆಟ್ಟಿಲು ಇಳಿದ.

ಮೂರು ದಿನ ಹಾಳೆ ಅಲ್ಲೇ ಇತ್ತು. ಸಹಿ ಹಾಕಿದರೆ ಕಳ್ಳಿ, ಹಾಕದಿದ್ದರೆ ಐದು ಮನೆಯ ಒಲೆಗೆ ನೀರು ಹೊಯ್ದವಳು. ಆ ಐವರಲ್ಲಿ ಹೆಚ್ಚಿನವರು ಅವಳಿಗೆ ಎದುರು ಸಿಗದಂತೆ ರಸ್ತೆ ಬದಲಿಸಿ ನಡೆದರು, ಯಾರೂ ಬಂದು ಕೇಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಾತ ಬಂದ. ಮೇಲ್ಸೇತುವೆ ರಸ್ತೆಗೆ ನೀರು ಹಾಕುವವನು, ಎಪ್ಪತ್ತರ ಹತ್ತಿರ. ಸಕ್ಕರೆ ಕಾಯಿಲೆಗೆ ಬಲಗಾಲಿನ ಎರಡು ಬೆರಳು ಹೋಗಿದ್ದವು, ಮೂರನೆಯದು ಕಪ್ಪಾಗಿತ್ತು. ಮೂರು ಮಹಡಿ ಹತ್ತಿ ಬಂದವನು ಬಾಗಿಲಲ್ಲೇ ಕೂತ. ತಂಗಿ ನೀರು ಕೊಟ್ಟಳು.

"ನಿನ್ನ ಮಂಡಿ ಹೇಗಿದೆ?" ಎಂದು ಪೈಪಕ್ಕನನ್ನು ಕೇಳಿದ.

"ಇದೆ, ಅದರ ಪಾಡಿಗೆ. ಹಾಳೆ ವಿಷಯ ಕೇಳೋಕೆ ಬಂದ್ರಾ ತಾತ?"

"ಇಲ್ಲ. ಕೇಳ್ಬಾರ್ದು ಅಂತ ಮನೇಲಿ ಕೂತಿದ್ದೆ. ಕೂತ್ಕೊಂಡ್ರೆ ಇನ್ನೂ ಕೇಳಿದಂಗೆ ಆಗ್ತಿತ್ತು."

ಅಷ್ಟೇ ಮಾತು. ನೀರು ಕುಡಿದು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದ. ಅವನ ಚಪ್ಪಲಿಯ ಸದ್ದು ಕೆಳಗಿನ ಬಾಗಿಲು ಮುಟ್ಟಿತು.

"ಹಾಕ್ಬೇಡ," ಎಂದಳು ತಂಗಿ. "ಒಂದ್ಸಲ ಕಳ್ಳಿ ಅಂತ ಬರ್ಕೊಟ್ರೆ ಅದೇ ಉಳಿಯತ್ತೆ."

"ಅವನ ಬೆರಳು ನೋಡಿದ್ಯಾ?"

"ನೋಡ್ದೆ. ನಿನ್ನ ಹೆಸರಿಂದಲೇ ಯಾಕೆ ಅದಕ್ಕೆ ಪಟ್ಟಿ ಕಟ್ಬೇಕು? ಗುತ್ತಿಗೆದಾರ ಕಾರು ಮಾರ್ಲಿ."

"ಅವನು ಮಾರಲ್ಲ. ನನ್ನ ಹತ್ರ ಇರೋದು ಈ ಹೆಸರೊಂದೇ, ಇದಕ್ಕೆ ಗಿರಾಕಿ ಬಂದಿದ್ದಾರೆ," ಎಂದು ಪೈಪಕ್ಕ ಎದ್ದು ಪೆನ್ನು ಹುಡುಕಿದಳು.

ಇದರಲ್ಲಿ ತ್ಯಾಗದ ಮಾತು ಬೇಡ. ತ್ಯಾಗ ಎನ್ನಬೇಕಾದರೆ ಬೇರೆ ದಾರಿಯಿರಬೇಕು. ಅವಳಿಗೆ ಸಾಕಾಗಿತ್ತು, ಅಷ್ಟೇ. ಸಹಿ ಹಾಕಿದ ದಿನವೂ ಮಧ್ಯಾಹ್ನ ತಟ್ಟೆ ತೊಳೆಯಲು ಹೋದಳು.

ಐವರಿಗೆ ಹಣ ಬಂತು. ಹತ್ತು ತಿಂಗಳದ್ದಲ್ಲ, ಏಳು ತಿಂಗಳದ್ದು. ಉಳಿದದ್ದು ತಪಾಸಣೆ ಖರ್ಚು, ಪೈಪಿನ ಸವಕಲು, ಅದು ಇದು ಎಂದು ಗುತ್ತಿಗೆದಾರನ ಹತ್ತಿರವೇ ಉಳಿಯಿತು. ತಾತನ ಮೂರನೆಯ ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಪಟ್ಟಿಯಿಂದ ಬಿದ್ದ ರಸ್ತೆಗೆ ಟ್ಯಾಂಕರ್ ಬರುವುದು ನಿಂತಿತು. ಮೇಸ್ತ್ರಿ ಇಕ್ಕಳ ತಂದು ನಲವತ್ತೇಳು ಬಿಲ್ಲೆಗಳನ್ನೂ ಕತ್ತರಿಸಿ ಚೀಲಕ್ಕೆ ತುಂಬಿಕೊಂಡು ಹೋದ. ಮೋಸದ ಸಾಕ್ಷಿ ಅಂತೆ.

ಆ ತಿಂಗಳು ಕಳೆಯುವುದರೊಳಗೆ ತಂತಿಯವರು ಬಂದರು. ಡ್ರೈವರ್ ಕ್ಯಾಂಟೀನಿನ ಹಿಂಬಾಗಿಲಿಗೆ ಬಂದು ಹೇಳಿದಾಗ ಪೈಪಕ್ಕ ಕೈ ಒರೆಸಿಕೊಳ್ಳದೆ ಹೊರಟಳು. ಅವಳು ಮುಟ್ಟುವಷ್ಟರಲ್ಲಿ ಅಂಗಡಿಸಾಲಿನಲ್ಲಿ ಹನ್ನೆರಡು ಮರ ಬಿದ್ದಿದ್ದವು. ಮೊದಲ ಅತ್ತಿ ಮೊಣಕಾಲೆತ್ತರದ ಮೋಟಾಗಿತ್ತು. ಹಾಲು ಇನ್ನೂ ಒಸರುತ್ತಿತ್ತು. ಸೂರಕ್ಕಿಯ ಗೂಡು ಯಾವ ಕೊಂಬೆಯ ಜೊತೆ ಲಾರಿ ಹತ್ತಿತೋ ಕಾಣಲಿಲ್ಲ. ನೆರಳಿಗೆ ನಿಲ್ಲುತ್ತಿದ್ದ ಗಾಡಿಯವರು ಎದುರಿನ ಅಂಗಡಿಯ ಛಾವಣಿಯಂಚಿಗೆ ಸರಿದು ನಿಂತಿದ್ದರು. ಅಂಗಡಿಯವನು ಅವರನ್ನು ಅಲ್ಲಿಂದಲೂ ಎಬ್ಬಿಸುತ್ತಿದ್ದ.

ಏಣಿಯಿಂದ ಇಳಿದ ತಂತಿಯವನಿಗೆ ಅವಳ ಗುರುತಿತ್ತು. ತಲೆಯ ಟೊಪ್ಪಿ ತೆಗೆದ.

"ಬಿಲ್ಲೆ ಇರ್ಲಿಲ್ಲಕ್ಕ. ಇದ್ದಿದ್ರೆ ಮುಟ್ತಿರ್ಲಿಲ್ಲ."

"ಗೊತ್ತು," ಎಂದಳು. ಅವನ ಮೇಲೆ ಸಿಟ್ಟು ಮಾಡಲು ಅವಳಲ್ಲಿ ತ್ರಾಣವಿರಲಿಲ್ಲ, ಅವನೂ ದಿನಗೂಲಿಯವನೇ. ಮೋಟಿನ ಪಕ್ಕದ ಹಾಸುಗಲ್ಲಿನ ಮೇಲೆ ಮಂಡಿ ಚಾಚಿ ಕೂತಳು. ಕಲ್ಲು ಸುಡುತ್ತಿತ್ತು. ಎದ್ದು, ಅರ್ಧಕ್ಕೆ ಬಿಟ್ಟ ತಟ್ಟೆಗಳ ಕಡೆಗೆ ನಡೆದಳು.

ಈಗ ಎರಡನೆಯ ಸಾಲಪತ್ರ ಬಂದಿದೆ. ಈ ಸಲ ಹನ್ನೆರಡು ರಸ್ತೆ. ಅಂಗಡಿಸಾಲಿನಲ್ಲಿ ಮೋಟುಗಳ ಪಕ್ಕದಲ್ಲೇ ಹೊಸ ಗುಂಡಿ ತೋಡಿದ್ದಾರೆ. ಭಾನುವಾರ ಬೆಳಿಗ್ಗೆ ಮಕ್ಕಳು ಮರಿ ಕಟ್ಟಿಕೊಂಡು ಬನ್ನಿ, ಒಬ್ಬೊಬ್ಬರು ಒಂದೊಂದು ಸಸಿ ನೆಡಿ, ಟೊಪ್ಪಿ ಮತ್ತು ತಿಂಡಿ ಉಚಿತ ಎಂದು ನಿಮ್ಮ ಮನೆ ಬಾಗಿಲಿಗೂ ಚೀಟಿ ಹಾಕಿ ಹೋಗಿರಬಹುದು. ಹೋಗಿ, ಬೇಡ ಎನ್ನುವವರಾರು? ಆದರೆ ಗುದ್ದಲಿ ಮುಟ್ಟುವ ಮೊದಲು ಅಲ್ಲಿ ಮೈಕು ಹಿಡಿದವನ ಎದುರು ನಿಂತು ಕೇಳಿ: ಮೂರು ಬೇಸಿಗೆ ಇದಕ್ಕೆ ನೀರು ಹಾಕುವವರು ಯಾರು, ಅವರ ತಿಂಗಳ ಕೂಲಿ ಎಷ್ಟು, ಅದನ್ನು ಮುಂಗಡವಾಗಿ ಎಲ್ಲಿ ಇಟ್ಟಿದ್ದೀರಿ? ತಾನಾಗಿ ಹುಟ್ಟಿ ಬದುಕಿದ ಮರಕ್ಕೆ ನಿಮ್ಮ ಕಾಗದದಲ್ಲಿ ಜಾಗ ಎಲ್ಲಿದೆ? ಬಾಯಿಮಾತು ಒಪ್ಪಬೇಡಿ, ಹಾಳೆ ಕೇಳಿ, ಅಲ್ಲೇ ನಿಂತು ಓದಿ. ಹಾಳೆ ತೋರಿಸದಿದ್ದರೆ ಸಸಿಯನ್ನು ಅವನ ಕೈಗೇ ವಾಪಸ್ಸು ಕೊಟ್ಟು, ಫೋಟೋಗೆ ನಿಲ್ಲದೆ, ನಿಮ್ಮ ಜೊತೆ ಬಂದವರನ್ನೂ ಕರೆದುಕೊಂಡು ಮನೆಗೆ ಬನ್ನಿ.